ಅಂಗಿ ಹೊಲಿಯುವುದು ಹೇಗೆ ಎಂದು ಕೇಳಿದ ಸಿಸ್ಟರ್

ನಾನು ಜಗಳಗಂಟಿ ಎಂದು ನಮ್ಮ ಬೀದಿಯಲ್ಲೆಲ್ಲ ಹೆಸರು. ಹೊಲಿಸಿಕೊಂಡ ಅಂಗಿಯನ್ನು ಮೂರು ತಿಂಗಳು ತೊಟ್ಟು, ಒಗೆದು, ಮತ್ತೆ ತೊಟ್ಟು, ಆಮೇಲೆ ಬಂದು ‘ಕಂಕುಳ ಹತ್ತಿರ ಬಿಗಿ’ ಎನ್ನುವ ಗಿರಾಕಿಯ ಜೊತೆ ಜಗಳ ಆಡದೆ ಇನ್ನೇನು ಮಾಡಲಿ? ಇಪ್ಪತ್ತಾರು ವರ್ಷದಿಂದ ಅಂಗಿ ಹೊಲಿಯುತ್ತಿದ್ದೇನೆ. ತಪ್ಪು ನನ್ನ ಕತ್ತರಿಯದೋ ಅವರ ಹೊಟ್ಟೆಯದೋ ನೋಡಿದ ಕೂಡಲೇ ಗೊತ್ತಾಗುತ್ತದೆ. ಇಂಥ ನಾನು ಒಬ್ಬರನ್ನು ಬಾಯಿತುಂಬ ಹೊಗಳಿ ಬರೆಯಲು ಕೂತಿದ್ದೇನೆ ಎಂದರೆ ನನ್ನ ಗಂಡನೇ ನಂಬುತ್ತಿಲ್ಲ. ಆಗಲೇ ಎರಡು ಸಲ ಬಂದು ಇಣುಕಿ ನೋಡಿ ಹೋದರು.

ಹೊಗಳಬೇಕಾದವರು ಒಬ್ಬ ಸಿಸ್ಟರ್. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂರುವುದು ಅವರ ಕೆಲಸ. ಐವತ್ತು ದಾಟಿದ, ಕುಳ್ಳಗಿನ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡೇ ಇರುವ ಹೆಂಗಸು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮಾತಿನ ಸಿಸ್ಟರ್ ಎನ್ನುತ್ತಾರೆ. ಹಾಗೆಂದು ಅವರು ಬಹಳ ಮಾತಾಡುತ್ತಾರೆ ಅಂದುಕೊಳ್ಳಬೇಡಿ. ಮಾತಾಡುವುದು ನಾವು. ಅವರು ಆಡಿಸುತ್ತಾರೆ.

ನನ್ನ ಕಾಲಿನ ಕತೆ ಹೇಳದೆ ಅವರ ಕತೆ ಶುರುವಾಗುವುದಿಲ್ಲ. ಮಗಳು ಹುಟ್ಟಿದ ವರ್ಷದಿಂದ ನನ್ನ ಸೊಂಟದ ಮೇಲಿನದು ಒಬ್ಬಳ ಮೈ, ಕೆಳಗಿನದು ಇನ್ನೊಬ್ಬಳ ಮೈ ಆಗಿಹೋಯಿತು. ಮುಖ ಸಣ್ಣ, ಕೈ ಸಣ್ಣ. ಸೊಂಟದಿಂದ ಕಾಲಿನ ಗಿಣ್ಣಿನವರೆಗೆ ಮಾತ್ರ ಕಂಬದ ಹಾಗೆ ದಪ್ಪ. ಗಿಣ್ಣಿನ ಹತ್ತಿರ ಯಾರೋ ದಾರ ಕಟ್ಟಿ ನಿಲ್ಲಿಸಿದಂತೆ ಅದು ನಿಂತುಬಿಡುತ್ತಿತ್ತು, ಪಾದ ತೆಳ್ಳಗೇ ಇತ್ತು. ದಪ್ಪ ಇದ್ದರೆ ಇರಲಿ, ನಾಲ್ಕು ಮೀಟರು ಬಟ್ಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಆದರೆ ಅದು ನೋಯುತ್ತಿತ್ತು. ಮೇಜಿನ ಅಂಚು ತಾಗಿದರೆ ನೋವು, ಮಗು ತೊಡೆಯ ಮೇಲೆ ಕೂತರೆ ನೋವು, ಸಂಜೆಯ ಹೊತ್ತಿಗೆ ಹೊಲಿಗೆ ಮಿಷಿನ್ನಿನ ಪೆಡಲು ತುಳಿಯುವಾಗ ಒಳಗಿನಿಂದ ಯಾರೋ ಹಿಂಡುವ ಹಾಗೆ ನೋವು. ಸುಮ್ಮನೆ ಬೆರಳಿಂದ ಒತ್ತಿದರೂ ಮರುದಿನ ನೀಲಿ ಕಲೆ.

ತೋರಿಸದ ಡಾಕ್ಟರಿಲ್ಲ. ಒಬ್ಬರು ನನ್ನ ಕಾಲನ್ನು ಮುಟ್ಟಿ ಕೂಡ ನೋಡದೆ ‘ಕಮ್ಮಿ ತಿನ್ನಿ’ ಎಂದು ಚೀಟಿ ಬರೆದರು. ಇನ್ನೊಬ್ಬರು ‘ನಡೀರಿ’ ಎಂದರು. ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನನಗೆ ಹೇಳಿದಷ್ಟು ಸಲ ಬೇರೆ ಯಾರಿಗೂ ಹೇಳಿರಲಾರರು. ಬಾಯಿ ಕಟ್ಟಿದೆ. ಮುಖ ಇಳಿಯಿತು, ಕೆನ್ನೆಯ ಮೂಳೆ ಎದ್ದಿತು, ಕಾಲು ಮಾತ್ರ ಒಂದು ಇಂಚೂ ಜಗ್ಗಲಿಲ್ಲ. ನೋಯುತ್ತದೆ ಎಂದರೆ ‘ದಪ್ಪ ಇದ್ದಮೇಲೆ ನೋಯದೆ ಇರುತ್ತಾ’ ಎಂದರು. ಹೇಳಿ ಹೇಳಿ ನನಗೇ ನಾಚಿಕೆಯಾಗಿ, ಒಂದು ದಿನದಿಂದ ಹೇಳುವುದನ್ನೇ ಬಿಟ್ಟೆ. ಯಾರು ಕೇಳಿದರೂ ‘ಏನಿಲ್ಲ’. ಇಪ್ಪತ್ತು ವರ್ಷ ಅದೊಂದೇ ಉತ್ತರ.

ಆಮೇಲಾಮೇಲೆ ಪೆಡಲು ಒಂದು ಗಂಟೆಗಿಂತ ಹೆಚ್ಚು ತುಳಿಯಲು ಆಗದೆ ಹೋಯಿತು. ಮೋಟಾರು ಹಾಕಿಸಿದೆ. ಅದಕ್ಕೂ ಕಾಲು ಬೇಕೇ ಬೇಕು. ಕಟಿಂಗ್ ಮೇಜಿನ ಮುಂದೆ ನಿಲ್ಲುವುದಂತೂ ಹದಿನೈದು ನಿಮಿಷಕ್ಕೆ ಮುಗಿಯುತ್ತಿತ್ತು. ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಒಳಗೊಳಗೇ ಗೊತ್ತಾಗಿತ್ತು. ಅಂಗಿ ಹೊಲಿಯುವುದು ಬಿಟ್ಟರೆ ನನಗೆ ಬರುವುದು ಜಗಳ ಒಂದೇ, ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಆಗ ಬಂದರು ಈ ಸಿಸ್ಟರ್, ಯೂನಿಫಾರಂ ಹೊಲಿಸಲು. ಅಳತೆ ತೆಗೆಯುತ್ತಿದ್ದಾಗ ನನ್ನ ತೊಡೆ ಮೇಜಿನ ಮೂಲೆಗೆ ತಾಗಿತು. ನಾನು ಸೊಲ್ಲೆತ್ತಲಿಲ್ಲ. ಟೇಪು ಹಿಡಿದು ‘ಎದೆ ಮೂವತ್ತೆಂಟು’ ಎಂದು ಬರೆದುಕೊಂಡೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು.

“ಎದೆ ಮೂವತ್ತಾರು ಅಂತ ಈಗ ತಾನೇ ನೀವೇ ಓದಿದ್ರಿ” ಎಂದರು. “ಎಲ್ಲಿ ನೋವಾಯ್ತು?”

“ಏನಿಲ್ಲ.”

“ಕಾಲಾ? ಒತ್ತಿದ್ರೆ ನೋವಾಗುತ್ತಾ? ಸುಮ್ಮನೆ ತಾಗಿದ್ರೂ ನೀಲಿಗಟ್ಟುತ್ತಾ?”

ಆ ಪ್ರಶ್ನೆಯನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟೆ. ನನ್ನ ಕಣ್ಣು ತುಂಬಿತು. ನನಗೆ ಕೋಪ ಬರುವುದು ಸುಲಭ, ಅಳು ಬರುವುದು ಕಷ್ಟ, ಆದರೂ ಬಂತು.

ಅವರೇ ನನ್ನನ್ನು ತಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಾಲನ್ನು ಮುಟ್ಟಿ, ಹಿಸುಕಿ, ಮೇಲಿಂದ ಕೆಳಗಿನವರೆಗೆ ನೋಡಿ, ಇದಕ್ಕೆ ಲಿಪಿಡೀಮಾ ಎಂದು ಹೆಸರು ಎಂದರು. ಚರ್ಮದ ಕೆಳಗಿನ ಕೊಬ್ಬಿಗೇ ಬರುವ ಕಾಯಿಲೆ, ಉಪವಾಸಕ್ಕೆ ಕರಗುವುದಿಲ್ಲ, ಬಹುಪಾಲು ಹೆಂಗಸರಿಗೇ ಬರುತ್ತದೆ, ನೋವಿರುತ್ತದೆ. ಸಣ್ಣ ಕೊಳವೆ ಹಾಕಿ ಆ ಕೊಬ್ಬನ್ನು ಹೀರಿ ತೆಗೆಯಬಹುದು, ಲಿಪೊಸಕ್ಷನ್ ಎನ್ನುತ್ತಾರೆ. ಕಾಯಿಲೆ ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ನೋವು ತಗ್ಗಿ ಓಡಾಟ ಸಲೀಸಾಗಬಹುದು ಎಂದರು. ಸುದ್ದಿ ತಿಳಿದ ಅತ್ತಿಗೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂದು ಫೋನಿನಲ್ಲಿ ಹೇಳಿದರು. ಅವರ ಪ್ರಕಾರ ಅದು ಸಿನಿಮಾದವರು ಸೊಂಟ ಸಣ್ಣ ಮಾಡಿಕೊಳ್ಳುವ ಸೋಕಿ. ನಾನು ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದೆ.

ಮೂರು ಸಲ ಮಾಡಬೇಕು ಎಂದು ತೀರ್ಮಾನವಾಯಿತು. ಮೊದಲ ಸಲ ತೊಡೆಯ ಹೊರಗೂ ಒಳಗೂ. ಎರಡನೇ ಸಲ ಮಂಡಿಯ ಸುತ್ತ. ಮೂರನೇ ಸಲ ಮೀನಖಂಡ ಮತ್ತು ಕಾಲಿನ ಗಿಣ್ಣು. ಪೂರ್ತಿ ನಿದ್ದೆ ಬರಿಸುವ ಅರಿವಳಿಕೆ ಇಲ್ಲ. ಉಪ್ಪುನೀರಿನಲ್ಲಿ ಮರಗಟ್ಟಿಸುವ ಔಷಧಿ ಬೆರೆಸಿ, ಅದನ್ನು ಚರ್ಮದ ಕೆಳಗೆ ಲೀಟರುಗಟ್ಟಲೆ ತುಂಬುತ್ತಾರೆ. ಕಾಲು ಬಿಗಿದುಕೊಂಡು ತಣ್ಣಗಾಗುತ್ತದೆ, ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ಆಮೇಲೆ ಕೊಳವೆ. ನಾವು ಎಚ್ಚರವಾಗಿಯೇ ಇರಬೇಕು, ಹೇಳಿದಾಗ ಮಗ್ಗುಲಾಗಬೇಕು, ನೋವಾದರೆ ಹೇಳಬೇಕು.

ಈ ‘ನೋವಾದರೆ ಹೇಳಬೇಕು’ ಎನ್ನುವುದರಲ್ಲೇ ಎಲ್ಲ ತೊಡಕು ಇರುವುದು ಎಂದು ಸಿಸ್ಟರಿಗೆ ಗೊತ್ತಿತ್ತು. ಮುಂಚೆ ಅವರು ಹನ್ನೊಂದು ವರ್ಷ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಇದ್ದವರು. ಬಾಯಿ ತೆರೆದು ಮಲಗಿದವರಿಗೆ ಮಾತಾಡಲು ಆಗುವುದಿಲ್ಲವಲ್ಲ, ಅಲ್ಲಿ ಅವರು ಕಾಲ್ಬೆರಳು ನೋಡುವುದನ್ನು ಕಲಿತರು. ಹೆಬ್ಬೆರಳು ಮೇಲೆದ್ದರೆ ನೋವು ಶುರು, ಎಲ್ಲ ಬೆರಳೂ ಮುದುಡಿದರೆ ನೋವು ಜಾಸ್ತಿ. ಈ ಆಸ್ಪತ್ರೆಗೆ ಬಂದ ಮೇಲೆ ಆ ವಿದ್ಯೆ ಕೈಕೊಟ್ಟಿತು. ಕಾಲಿಗೇ ಔಷಧಿ ತುಂಬಿ ಮರಗಟ್ಟಿಸಿದ ಮೇಲೆ ಬೆರಳು ಯಾವ ಸುಳಿವು ಕೊಟ್ಟೀತು? ಬಾಯಿ ಏನೋ ಖಾಲಿ ಇರುತ್ತದೆ, ಆದರೆ ಬಾಯಿ ಸುಳ್ಳು ಹೇಳುತ್ತದೆ. ಸಂಕೋಚಕ್ಕೆ ಒಬ್ಬರು, ಮರ್ಯಾದೆಗೆ ಒಬ್ಬರು, ಗಂಡಸರಂತೂ ಮೀಸೆಗಾಗಿ ನೋವಿಲ್ಲ ಎನ್ನುತ್ತಾರೆ.

ಹಾಗಾಗಿ ಅವರು ಹೊಸ ದಾರಿ ಕಂಡುಕೊಂಡರು. ರೋಗಿಯನ್ನು ಅವರವರ ಕಸುಬಿನ ಬಗ್ಗೆ ಕೇಳುವುದು. ಬಡಗಿಯಾದರೆ ಕುರ್ಚಿ ಮಾಡುವುದು ಹೇಗೆ, ಅಡುಗೆಯವನಾದರೆ ಇನ್ನೂರು ಜನಕ್ಕೆ ಅನ್ನ ಬೇಯಿಸುವುದು ಹೇಗೆ, ಮೇಷ್ಟ್ರಾದರೆ ಭಾಗಾಕಾರ ಹೇಳಿಕೊಡುವುದು ಹೇಗೆ. ಒಂದೊಂದೇ ಹೆಜ್ಜೆ ಹೇಳಿಸುವುದು, ಕೇಳುತ್ತಾ ಕೂರುವುದು.

“ಕೈಯಲ್ಲಿ ಕೂತಿರೋ ಕೆಲಸವನ್ನ ಮನುಷ್ಯ ನಿದ್ದೆಗಣ್ಣಲ್ಲೂ ಸರಿಯಾಗಿ ಹೇಳ್ತಾನೆ” ಎಂದರು ನನಗೆ. “ಅದರಲ್ಲೇ ತಪ್ಪಿದ ಅಂದ್ರೆ ಒಳಗೆ ಏನೋ ಆಗ್ತಿದೆ. ಬಾಯಿ ಏನೇ ಅನ್ಲಿ.”

ಯಾವ ಜಾಗ ಎಷ್ಟು ನೋಯುತ್ತದೆ ಎನ್ನುವುದಕ್ಕೂ ಅವರದೇ ಒಂದು ಪಟ್ಟಿ ಇತ್ತು, ನೆಂಟರಿಷ್ಟರ ಲೆಕ್ಕದಲ್ಲಿ. ಹೊರತೊಡೆ ಸೋದರಮಾವ, ಏನಂದರೂ ನಕ್ಕು ಸುಮ್ಮನಿರುತ್ತದೆ. ಕಿಬ್ಬೊಟ್ಟೆಯೂ ಹೆಚ್ಚುಕಮ್ಮಿ ಹಾಗೇ, ಆದರೆ ಹೊಕ್ಕುಳ ಹತ್ತಿರಕ್ಕೂ ಪಕ್ಕೆಲುಬಿನ ಅಂಚಿಗೂ ಹೋದರೆ ಉರಿದು ಬೀಳುತ್ತದೆ. ತೋಳಿನ ಒಳಭಾಗ ನಾದಿನಿ, ಮೊದಲು ಸುಮ್ಮನಿದ್ದು ಆಮೇಲೆ ಸಾಯಂಕಾಲದವರೆಗೆ ಗೊಣಗುತ್ತದೆ. ಒಳತೊಡೆ ಮುಂಗೋಪದ ಚಿಕ್ಕಪ್ಪ. ಮಂಡಿಯ ಒಳಭಾಗ ಹೊಸ ಅಳಿಯ, ಮುಟ್ಟುವುದಕ್ಕೆ ಮುಂಚೆಯೇ ಸಿಟ್ಟು. ಕಾಲಿನ ಗಿಣ್ಣು ಬೀಗಿತ್ತಿ, ಎಷ್ಟು ಉಪಚಾರ ಮಾಡಿದರೂ ಸಾಲದು. ನಾನು ನಗುತ್ತಾ ಮೇಜಿನ ಮೇಲೆ ಮಲಗಿದೆ.

ಮೊದಲ ಸಲ ಅವರು ಕೇಳಿದರು, ಅಂಗಿ ಹೊಲಿಯುವುದು ಹೇಗೆ ಎಂದು. ನಾನು ಬಟ್ಟೆ ನೀರಿಗೆ ಹಾಕಿ ಒಣಗಿಸುವುದರಿಂದ ಶುರು ಮಾಡಿದೆ. ಗುರುತು ಹಾಕುವುದು, ಕತ್ತರಿಸುವುದು, ಜೇಬು ಕೂರಿಸುವುದು. ಮುಂಭಾಗ ಹಿಂಭಾಗ ಜೋಡಿಸಿ ಹೆಗಲು ಕೂಡಿಸುವುದು. ಹೆಗಲು ಕೂಡಿದ ಮೇಲೇ ಕಾಲರ್ ಹಚ್ಚುವುದು, ಯಾಕೆಂದರೆ ಹೆಗಲು ಕೂಡದೆ ಕೊರಳೇ ಇರುವುದಿಲ್ಲ. ಆಮೇಲೆ ತೋಳು, ಪಕ್ಕದ ಹೊಲಿಗೆ, ಕಫ್, ಕೆಳಗಿನ ಮಡಿಕೆ, ಕೊನೆಗೆ ಕಾಜಾ, ಗುಂಡಿ. ಹೊರತೊಡೆಯಲ್ಲಿ ಕೊಳವೆ ಓಡಾಡುವುದು ಗೊತ್ತಾಗುತ್ತಿತ್ತು, ನೋವಿರಲಿಲ್ಲ. ಒಳಗಿನ ಕಡೆಗೆ ಬಂದಾಗ ಬೆಂಕಿ ಬಿತ್ತು. ಮತ್ತೆ ಮೊದಲಿಂದ ಹೇಳುತ್ತಾ ತೋಳಿಗೆ ಬಂದಿದ್ದವಳು ಅಲ್ಲೇ ಮಾತು ನಿಲ್ಲಿಸಿದೆ.

“ನೋವಾಗ್ತಿದೆಯಾ?” ಎಂದರು ಸಿಸ್ಟರ್.

“ಏನಿಲ್ಲ.”

“ನಂಗೆ ನಂಬಿಕೆ ಬರ್ತಿಲ್ಲ ಡಾಕ್ಟ್ರೇ” ಎಂದರು. ಡಾಕ್ಟರು ನನ್ನನ್ನೇ ಕೇಳಿದರು. ನೋವೆಂದರೆ ನಿಲ್ಲಿಸಿಬಿಡುತ್ತಾರೆ, ಅರ್ಧ ಕಾಲು ಇಟ್ಟುಕೊಂಡು ಮನೆಗೆ ಹೋಗಬೇಕಾಗುತ್ತದೆ, ಅಂಗಡಿಯ ಬಾಗಿಲು ಎಳೆಯಬೇಕಾಗುತ್ತದೆ ಎಂದು ನನ್ನ ತಲೆಯಲ್ಲಿ. “ಏನಿಲ್ಲ ಡಾಕ್ಟ್ರೇ, ಮುಗಿಸಿಬಿಡಿ” ಎಂದೆ. ಅವರು ನಂಬಿ ಮುಗಿಸಿದರು. ಆ ಇಪ್ಪತ್ತು ನಿಮಿಷ ಹಲ್ಲು ಕಚ್ಚಿ ಕಳೆದದ್ದನ್ನು ಈಗ ನೆನೆದರೂ ಬೆವರುತ್ತೇನೆ. ಹೊರಗೆ ಬಂದ ಮೇಲೆ ಸಿಸ್ಟರ್ ನನ್ನನ್ನು ಚೆನ್ನಾಗಿ ಬೈದರು. ಒಂದು ಮಾತು ಹೇಳಿದ್ದರೆ ಇನ್ನಷ್ಟು ಔಷಧಿ ಹಾಕಿ ಕಾಯುತ್ತಿದ್ದೆವು, ಅದಕ್ಕೇ ಅಲ್ಲವೇ ನಾನು ಅಲ್ಲಿ ಕೂರುವುದು ಎಂದರು. ಹೌದು ಹೌದು ಎಂದು ತಲೆಯಾಡಿಸಿದೆ, ಬುದ್ಧಿ ಮಾತ್ರ ಬರಲಿಲ್ಲ.

ಎರಡನೇ ಸಲ ಮಂಡಿ. ಹೊಸ ಅಳಿಯ. ಚಿಕ್ಕಪ್ಪನೇ ಹಾಗೆ ಮಾಡಿದ ಮೇಲೆ ಅಳಿಯ ಬಿಟ್ಟಾನೆಯೇ ಎಂದು ಆರು ವಾರ ಹೆದರಿದೆ. ನಮ್ಮ ಅಂಗಡಿಯ ಪಕ್ಕದ ಬ್ಯೂಟಿ ಪಾರ್ಲರಿನವಳು ನನ್ನ ಗೆಳತಿ. ಹುಬ್ಬಿಗೆ ಹಚ್ಚೆ ಹಾಕುವ ಮುಂಚೆ ಚರ್ಮ ಜೋಮು ಹಿಡಿಸಲು ಒಂದು ಮುಲಾಮು ಹಚ್ಚುತ್ತಾಳೆ. ‘ಇದನ್ನ ಹಚ್ಕೊಂಡು ಹೋಗು, ಏನೂ ಗೊತ್ತಾಗಲ್ಲ’ ಎಂದು ಒಂದು ಟ್ಯೂಬು ಕೊಟ್ಟಳು. ಅವಳು ಕೊಟ್ಟಿದ್ದು ಒಂದು. ನಾನು ಔಷಧಿ ಅಂಗಡಿಗೆ ಹೋಗಿ ಇನ್ನೂ ಐದು ತಂದೆ. ಹುಬ್ಬಿಗೆ ಚಿಟಿಕೆಯಷ್ಟು ಬೇಕಾದರೆ ನನ್ನ ಕಾಲಿಗೆ ಎಷ್ಟು ಬೇಕು ಎಂದು ಟೈಲರ್ ಲೆಕ್ಕ ಹಾಕಿದೆ. ಬಟ್ಟೆಯ ಲೆಕ್ಕಕ್ಕೆ ಅದು ಸರಿ.

ಆ ದಿನ ಬೆಳಗ್ಗೆ ಐದಕ್ಕೆ ಎದ್ದು ಎರಡು ಕಾಲಿಗೂ ತೊಡೆಯಿಂದ ಮೀನಖಂಡದವರೆಗೆ ದಪ್ಪಗೆ ಬಳಿದುಕೊಂಡೆ. ಆರಿಹೋಗಬಾರದೆಂದು ಹೊಲಿದ ಅಂಗಿಗಳನ್ನು ಹಾಕಿಕೊಡುವ ಪ್ಲಾಸ್ಟಿಕ್ ಕವರುಗಳನ್ನು ಸೀಳಿ ಮೇಲೆ ಸುತ್ತಿದೆ. ನನ್ನ ಗಂಡ ಎದ್ದು ಬಂದು ನೋಡಿ, “ಪ್ಯಾಕಿಂಗ್ ಆಗಿದೆ, ಬಿಲ್ ಎಲ್ಲಿ?” ಎಂದರು. ಡಾಕ್ಟರೇ ಹೇಳಿದ್ದಾರೆ ಎಂದು ಅವರಿಗೂ ಸುಳ್ಳು ಹೇಳಿದೆ. ಹತ್ತು ಗಂಟೆಗೆ ಎಲ್ಲ ಒರೆಸಿ ಆಸ್ಪತ್ರೆಗೆ ಹೋದೆ.

ಸಿಸ್ಟರ್ ಪ್ರತಿ ಸಲದಂತೆ ಪಟ್ಟಿ ಹಿಡಿದು ಕೇಳಿದರು. ಮಾತ್ರೆ ಏನಾದರೂ ತಗೊಂಡಿದ್ದೀರಾ, ಎಣ್ಣೆ, ಮುಲಾಮು ಏನಾದರೂ ಹಚ್ಚಿದ್ದೀರಾ. ಎಲ್ಲಕ್ಕೂ ‘ಇಲ್ಲ’ ಎಂದೆ. ಆಮೇಲೆ ನನ್ನ ಕಾಲು ನೋಡಿ, “ಚರ್ಮ ಯಾಕೆ ಹೀಗೆ ಬಿಳಿಚಿಕೊಂಡಿದೆ?” ಎಂದರು.

“ತಣ್ಣೀರು ಸ್ನಾನ ಮಾಡ್ದೆ” ಎಂದೆ.

ಅವರು ‘ಇಲ್ಲ’ ಎಂಬ ಮನೆಗೆ ಗುರುತು ಹಾಕಿದರು.

ನನಗೆ ಗೊತ್ತಿಲ್ಲದ್ದು ಏನೆಂದರೆ, ಮುಲಾಮಿನಲ್ಲಿ ಇರುವುದೂ ಉಪ್ಪುನೀರಿಗೆ ಬೆರೆಸುವುದೂ ಒಂದೇ ಜಾತಿಯ ಔಷಧಿ. ಅದನ್ನು ಒಂದು ಮೈಗೆ ಎಷ್ಟು ಕೊಡಬಹುದು ಎಂದು ತೂಕ ನೋಡಿ ಡಾಕ್ಟರು ಮೊದಲೇ ಮಿತಿ ಹಾಕಿಕೊಂಡಿರುತ್ತಾರೆ. ಪ್ಲಾಸ್ಟಿಕ್ ಸುತ್ತಿ ಐದು ಗಂಟೆ ಇಟ್ಟುಕೊಂಡರೆ ಮುಲಾಮು ಚರ್ಮದ ಮೇಲೆ ಸುಮ್ಮನೆ ಕೂರುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಮಿತಿ ಮೀರಿದರೆ ಮರಗಟ್ಟುವುದು ಕಾಲಲ್ಲ. ಮೊದಲು ತಲೆಗೆ ಹತ್ತುತ್ತದೆ, ಆಮೇಲೆ ಹೃದಯಕ್ಕೆ.

ಉಪ್ಪುನೀರು ತುಂಬತೊಡಗಿದರು. ಸಿಸ್ಟರ್ ಸ್ಟೂಲು ಎಳೆದುಕೊಂಡರು. “ಹೇಳಿ ಟೈಲರಮ್ಮ, ಇವತ್ತು ಮಕ್ಕಳ ಅಂಗಿ ಹೊಲಿಯೋಣ.”

ನಾನು ಹೇಳುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಗುಂಡುಸೂಜಿಯ ರುಚಿ ಬಂತು. ನಾನು ದಿನವಿಡೀ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇರುವವಳು, ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಕಿವಿಯಲ್ಲಿ ಮಿಷಿನ್ನಿನ ಸದ್ದು ಕೇಳಿಸಿತು. ಅದೂ ನನಗೆ ದಿನದ ಸದ್ದೇ. ಬೇರೆ ಯಾರಾದರೂ ಆಗಿದ್ದರೆ ಬಾಯೆಲ್ಲ ಲೋಹ ಲೋಹ, ಕಿವಿ ಗುಂಯ್ ಎನ್ನುತ್ತಿದೆ ಎಂದು ಕೂಗುತ್ತಿದ್ದರು. ನಾನು ಅಂಗಡಿಯಲ್ಲಿ ಕೂತ ಹಾಗೆ ಹಾಯಾಗಿದ್ದೆ. ಮುಲಾಮು ಕೆಲಸ ಮಾಡುತ್ತಿದೆ ಎಂದು ಹಿಗ್ಗುತ್ತಿದ್ದೆ.

“ಜೇಬು ಕೂರಿಸಾಯ್ತು” ಎಂದೆ. “ಈಗ ಕಾಲರ್ ಹಚ್ಚಬೇಕು.”

“ಹೆಗಲು?” ಎಂದರು ಸಿಸ್ಟರ್.

“ಯಾವ ಹೆಗಲು?”

“ಹೆಗಲು ಕೂಡಿಸದೆ ಕಾಲರ್ ಎಲ್ಲಿಗೆ ಹಚ್ತೀರಿ?”

“ಕಾಲರ್ ಹಚ್ಚಿದ್ರೆ ಹೆಗಲು ತಾನಾಗೇ ಬರುತ್ತೆ” ಎಂದೆನಂತೆ. ನನಗೆ ನೆನಪಿಲ್ಲ. ಅದನ್ನು ಹೇಳುವಾಗ ನನ್ನ ನಾಲಿಗೆ ತೊದಲುತ್ತಿತ್ತು ಎಂದು ಆಮೇಲೆ ತಿಳಿಯಿತು.

ಸಿಸ್ಟರ್ ಸ್ಟೂಲಿನಿಂದ ಎದ್ದರು. “ಡಾಕ್ಟ್ರೇ, ನಿಲ್ಸಿ. ನೀರು ಬಂದ್ ಮಾಡಿ” ಎಂದರು. ಮಾನಿಟರಿನಲ್ಲಿ ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಡಾಕ್ಟರು ಅಂದರಂತೆ. “ಇವರು ಕಾಲರ್ ತಪ್ಪಾಗಿ ಹಚ್ಚಿದ್ರು, ನಿಲ್ಸಿ” ಎಂದರಂತೆ ಸಿಸ್ಟರ್. ಬೇರೆ ಡಾಕ್ಟರಾಗಿದ್ದರೆ ನಕ್ಕು ಮುಂದುವರಿಸುತ್ತಿದ್ದರೋ ಏನೋ. ಇವರು ನಿಲ್ಲಿಸಿದರು. ಅದಕ್ಕೆ ಅವರಿಗೂ ನಾನು ಕೈ ಮುಗಿಯಬೇಕು. ಎರಡು ನಿಮಿಷದಲ್ಲಿ ನನ್ನ ಕಣ್ಣಿನ ರೆಪ್ಪೆ ಅದುರಿತು, ಕೈ ಸೆಟೆದು ನಡುಗಿತು. ನನಗೆ ನೆನಪಿರುವುದು ಸಿಸ್ಟರ ಮುಖ ಮಾತ್ರ. ಕನ್ನಡಕ ಬಿದ್ದುಹೋಗಿತ್ತು, ಅವರು ನನ್ನ ಗಲ್ಲ ಹಿಡಿದು ಏನು ಹಚ್ಚಿದ್ರಿ, ಏನು ಹಚ್ಚಿದ್ರಿ ಎಂದು ಕೇಳುತ್ತಿದ್ದರು. ನಾಲಿಗೆ ಹೊರಳಲಿಲ್ಲ.

ಇಂಥ ಹೊತ್ತಿಗೆಂದೇ ಆ ಕೋಣೆಯ ಬೀರುವಿನಲ್ಲಿ ಒಂದು ಬಾಟಲಿ ಇತ್ತು, ಹಾಲಿನ ಬಣ್ಣದ್ದು. ಪ್ರತಿ ತಿಂಗಳು ಅದರ ತಾರೀಖು ನೋಡಿ ಇಡುವವರು ಸಿಸ್ಟರೇ. ರಕ್ತದಲ್ಲಿ ಹೆಚ್ಚಾದ ಔಷಧಿಯ ವಿಷವನ್ನು ಅದು ಹಿಡಿದುಕೊಳ್ಳುತ್ತದಂತೆ. ಅದರಲ್ಲಿ ಏನಿತ್ತು ಗೊತ್ತೇ? ಎಣ್ಣೆಯ ಕೊಬ್ಬು. ಕೊಬ್ಬು ತೆಗೆಸಿಕೊಳ್ಳಲು ಹೋದವಳಿಗೆ ಕೊಬ್ಬನ್ನೇ ನರಕ್ಕೆ ಏರಿಸಿ ಬದುಕಿಸಿದರು. ನನ್ನ ಗಂಡ ಇದನ್ನು ಇಂದಿಗೂ ಎಲ್ಲರಿಗೂ ಹೇಳಿ ನಗುತ್ತಾರೆ. ಅವತ್ತು ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರಂತೆ.

ಸಂಜೆಯ ಹೊತ್ತಿಗೆ ನಾನು ಮಾತಾಡುವಂತಾದೆ. ಹಾಸಿಗೆಯ ಪಕ್ಕ ಡಾಕ್ಟರು ನಿಂತಿದ್ದರು, ಕೋಪದಲ್ಲಿ. ನನ್ನ ಮೇಲಲ್ಲ, ಸಿಸ್ಟರ ಮೇಲೆ.

“ನಾನು ಹಾಕಿದ್ದು ಮಿತಿಯ ಅರ್ಧ ಕೂಡ ಇಲ್ಲ. ಮೈಗೆ ಬೇರೇನೋ ಸೇರಿದೆ. ನೀವು ಕೇಳಿದ್ರಾ?”

“ಕೇಳ್ದೆ ಡಾಕ್ಟ್ರೇ. ಪಟ್ಟಿ ಓದೋ ಹಾಗೆ ಕೇಳ್ದೆ. ಚರ್ಮ ಬಿಳಿಚಿರೋದು ನೋಡಿಯೂ ಬಿಟ್ಟೆ. ತಪ್ಪು ನಂದೂ ಇದೆ.”

ಅವರು ನನ್ನತ್ತ ನೋಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಮಲಗಿದೆ. ಹೇಳಿದರೆ ಮೂರನೇ ಸಲ ಇಲ್ಲವೇ ಇಲ್ಲ ಎಂದು ಹೆದರಿಕೆ. ಪ್ರಾಣ ಉಳಿಸಿದವರ ತಲೆಯ ಮೇಲೆ ನನ್ನ ತಪ್ಪು ಬೀಳುತ್ತಿರುವಾಗ ನಾನು ಕಾಲಿನ ಯೋಚನೆ ಮಾಡುತ್ತಾ ಬಿದ್ದಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಬೆಳಗ್ಗೆ ಅವರು ಬಿಸಿ ಟೀ ತಂದುಕೊಟ್ಟು, ಬಾಯಿ ಹೇಗಿದೆ, ಕಿವಿ ಹೇಗಿದೆ ಎಂದು ಕೇಳಿದರು. ಮುಲಾಮಿನ ಮಾತೇ ಎತ್ತಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಬೈಯಲಿಲ್ಲವಲ್ಲ, ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಡಾಕ್ಟರನ್ನು ಕರೆಸಿ ಎಂದೆ. ಇಬ್ಬರ ಮುಂದೆಯೂ ಆರು ಟ್ಯೂಬು, ಪ್ಲಾಸ್ಟಿಕ್ ಕವರು, ತಣ್ಣೀರಿನ ಸುಳ್ಳು, ಮೊದಲ ಸಲದ ‘ಏನಿಲ್ಲ’, ಎಲ್ಲ ಹೇಳಿದೆ. ಸಿಸ್ಟರದು ಎಳ್ಳಷ್ಟೂ ತಪ್ಪಿಲ್ಲ ಎಂದೆ.

ಡಾಕ್ಟರು ನನ್ನ ಫೈಲು ಮುಚ್ಚಿದರು. ಆಮೇಲೆ, “ಸುಳ್ಳು ಹೇಳೋ ಪೇಷಂಟಿಗೆ ನಾನು ಸೂಜಿ ಹಾಕಲ್ಲಮ್ಮ. ಇಲ್ಲಿಗೆ ಸಾಕು” ಎಂದರು.

ನನಗೆ ತಕ್ಕದ್ದೇ ಆಯಿತು, ಅಂದುಕೊಂಡೆ. ಅಂಗಡಿಯ ಬೀಗ ಕಣ್ಣಮುಂದೆ ಬಂತು. ಆಗ ಸಿಸ್ಟರ್ ಮೆಲ್ಲಗೆ ಬಾಯಿಬಿಟ್ಟರು.

“ನಮಗೆ ಸುಳ್ಳು ಹೇಳಿದ್ದು ತಪ್ಪೇ ಡಾಕ್ಟ್ರೇ. ಆದ್ರೆ ಇಪ್ಪತ್ತು ವರ್ಷದ ಹಿಂದೆ ನಿಜ ಹೇಳಿದಾಗ ಇವರನ್ನ ಯಾರು ನಂಬಿದ್ರು? ನೋವು ಅಂದ್ರೆ ಜನ ನಿಲ್ಲಿಸ್ತಾರೆ ಅನ್ನೋದು ಇವರಿಗೆ ಗೊತ್ತೇ ಇಲ್ಲ. ಗೊತ್ತಾಗಿದ್ರೆ ಆ ಮುಲಾಮು ಯಾಕೆ ಬಳ್ಕೋತಿದ್ರು?”

ಡಾಕ್ಟರು ಫೈಲು ಎತ್ತಿಕೊಂಡು ಹೊರಟುಹೋದರು. ಹದಿನೈದು ದಿನ ಸುದ್ದಿಯಿಲ್ಲ. ಆಮೇಲೆ ಸಿಸ್ಟರೇ ಅಂಗಡಿಗೆ ಬಂದು ಹೇಳಿದರು, ಡಾಕ್ಟರು ಒಪ್ಪಿದ್ದಾರೆ ಎಂದು. ಬಾಕಿ ಇರುವ ಮಂಡಿ, ಮೀನಖಂಡ, ಗಿಣ್ಣು ಎಲ್ಲವನ್ನೂ ಸಣ್ಣ ಸಣ್ಣ ಭಾಗ ಮಾಡಿ ನಿಧಾನವಾಗಿ ಮಾಡುತ್ತಾರಂತೆ. ಒಂದೇ ಷರತ್ತು, ನಿಜ ಹೇಳಬೇಕು. ಈ ಹೆಂಗಸು ನನಗೋಸ್ಕರ ಅವರ ಹತ್ತಿರ ಎಷ್ಟು ಸಲ ಮಾತಾಡಿದರೋ, ಏನೇನು ಕೇಳಿಸಿಕೊಂಡರೋ, ಇವತ್ತಿಗೂ ನನಗೆ ಹೇಳಿಲ್ಲ.

ನನ್ನ ಕಾಲು ಈಗಲೂ ದಪ್ಪವೇ. ಅತ್ತಿಗೆ ಬಂದು ನೋಡಿ, ಇಷ್ಟೇನಾ ಎಂದರು. ಇಷ್ಟೇ. ಆದರೆ ಮೇಜಿನ ಮೂಲೆ ತಾಗಿದರೆ ಮೂಲೆ ತಾಗಿದಷ್ಟೇ ನೋವು. ಬೆಳಗ್ಗೆ ಒಂಬತ್ತರಿಂದ ಊಟದವರೆಗೆ ನಿಂತು ಕತ್ತರಿಸುತ್ತೇನೆ. ಮಗಳ ಮಗು ತೊಡೆಯ ಮೇಲೆ ಹತ್ತಿ ಕುಣಿದರೆ ಸುಮ್ಮನೆ ಕುಣಿಸಿಕೊಳ್ಳುತ್ತೇನೆ. ಇದಕ್ಕೆ ಡಾಕ್ಟರಿಗೆ ಋಣಿ, ಸಿಸ್ಟರಿಗೆ ಎಷ್ಟು ಋಣಿ ಎಂದು ಹೇಳಲು ನನಗೆ ಬರುವುದಿಲ್ಲ. ಕೊನೆಯ ದಿನದ್ದೊಂದು ಹೇಳಿ ಮುಗಿಸುತ್ತೇನೆ.

ಅವತ್ತು ಕಾಲಿನ ಗಿಣ್ಣು, ಬೀಗಿತ್ತಿಯ ಸರದಿ. ಔಷಧಿ ತುಂಬಿ ಕಾದು ಕೊಳವೆ ಹಾಕಿದರು. ಚರ್ಮ ಅಲ್ಲಿ ಮೂಳೆಗೆ ಅಂಟಿಕೊಂಡೇ ಇರುತ್ತದೆ. ಚಳುಕು ಹೊಡೆಯಿತು. ನನ್ನ ಬಾಯಿಗೆ ‘ಏನಿಲ್ಲ’ ಬಂದೇ ಬಿಟ್ಟಿತ್ತು. ಅದನ್ನು ನುಂಗಿ, “ನೋಯ್ತಿದೆ” ಎಂದೆ.

ಕೊಳವೆ ನಿಂತಿತು. ಡಾಕ್ಟರು ಅದನ್ನು ತಟ್ಟೆಯಲ್ಲಿಟ್ಟು ಇನ್ನಷ್ಟು ಔಷಧಿ ಹಾಕಿದರು. ಎಲ್ಲರೂ ಹತ್ತು ನಿಮಿಷ ನನಗಾಗಿ ಕಾದರು. ಯಾರೂ ಗೊಣಗಲಿಲ್ಲ. ಮತ್ತೆ ಶುರು ಮಾಡಿದರು, ನಾನು ಅಂಗಿ ಹೊಲಿಯುತ್ತಾ ಹೋದೆ. ಇನ್ನೊಂದು ಕಡೆ ಮತ್ತೆ ಚುಚ್ಚಿತು, ಮತ್ತೆ ಹೇಳಿದೆ, ಮತ್ತೆ ನಿಲ್ಲಿಸಿದರು.

ಅದಾದ ಮೇಲೆ ನೋವಿರಲಿಲ್ಲ. ಹೆಗಲು ಕೂಡಿಸಿ, ಕಾಲರ್ ಹಚ್ಚಿ, ತೋಳು ಕೂರಿಸಿ, ಕಫ್ ಮಡಿಚುತ್ತಿದ್ದೆ. ಒಂದೇ ಒಂದು ತಪ್ಪಿಲ್ಲ. ಯಾಕೋ ಗೊತ್ತಿಲ್ಲ, “ನೋಯ್ತಿದೆ” ಎಂದುಬಿಟ್ಟೆ. ನಿಲ್ಲಿಸುತ್ತಾರಾ ಎಂದು ಇನ್ನೊಮ್ಮೆ ನೋಡಬೇಕಿತ್ತು, ಅಷ್ಟೇ.

ಸಿಸ್ಟರ್ ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದರು. ಅಷ್ಟು ಸರಿಯಾಗಿ ಕಫ್ ಮಡಿಚುವವಳಿಗೆ ನೋವಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಔಷಧಿ ಬೇಡ ಡಾಕ್ಟ್ರೇ” ಎಂದರು. “ಆದ್ರೆ ಸ್ವಲ್ಪ ನಿಲ್ಸಿ.”

ಡಾಕ್ಟರು ನಿಲ್ಲಿಸಿದರು. ನನ್ನ ಕಣ್ಣಿಂದ ನೀರು ಇಳಿದು ಎರಡೂ ಕಿವಿಗೆ ಹೋಯಿತು. ಸಿಸ್ಟರ್ ಹತ್ತಿಯಲ್ಲಿ ಒಂದೊಂದೇ ಕಿವಿಯನ್ನು ಒರೆಸಿದರು. ನಾನು ಇನ್ನು ಶುರು ಮಾಡಿ ಎನ್ನುವವರೆಗೆ ಆ ಕೋಣೆಯಲ್ಲಿ ಯಾರೂ ಕೊಳವೆಗೆ ಕೈ ಹಾಕಲಿಲ್ಲ.